ಸಣ್ಣ ಎಂಜಿನ್, ದೊಡ್ಡ ಉಸಿರು

ಹ್ಯುಂಡೈ ಕಂಪನಿ 2019ರಲ್ಲಿ ವೆನ್ಯೂ ಕಾರನ್ನು ಮಾರುಕಟ್ಟೆಗೆ ಬಿಟ್ಟಾಗ ಪೆಟ್ರೋಲ್ ಗಾಡಿ ಬೇಕೆಂದವರ ಮುಂದೆ ಎರಡು ಎಂಜಿನ್‌ಗಳನ್ನು ಇಟ್ಟಿತು. ಒಂದು 1197 ಸಿಸಿಯ ನಾಲ್ಕು ಸಿಲಿಂಡರಿನದು, ಇನ್ನೊಂದು 998 ಸಿಸಿಯ ಮೂರು ಸಿಲಿಂಡರಿನದು. ಸಿಸಿ ಹೆಚ್ಚಿದಷ್ಟೂ ಬಲ ಹೆಚ್ಚು, ಬೆಲೆಯೂ ಹೆಚ್ಚು ಎಂದು ನಂಬಿಕೊಂಡು ಬಂದ ನಮಗೆ ಅಲ್ಲಿ ಲೆಕ್ಕ ತಿರುಗುಮುರುಗಾಗಿತ್ತು. ದೊಡ್ಡ ಎಂಜಿನ್ 83 ಅಶ್ವಶಕ್ತಿಯದು, ಚಿಕ್ಕದು 120ರದ್ದು. ಗಾಡಿಯನ್ನು ಎಳೆಯುವ ತಿರುಚುಬಲ, ಅಂದರೆ ಟಾರ್ಕ್, ನೋಡಿದರೆ ಅಂತರ ಇನ್ನೂ ಎದ್ದು ಕಾಣುತ್ತಿತ್ತು. ದೊಡ್ಡದು 4000 ಆರ್‌ಪಿಎಂ ಮುಟ್ಟಿದ ಮೇಲೆ ಸುಮಾರು 114 ನ್ಯೂಟನ್ ಮೀಟರ್ ಕೊಟ್ಟರೆ, ಚಿಕ್ಕದು 1500 ಆರ್‌ಪಿಎಂನಲ್ಲೇ 172 ಕೊಡುತ್ತಿತ್ತು. ಬೆಲೆಯೂ ಚಿಕ್ಕದಕ್ಕೇ ಜಾಸ್ತಿ. ಈ ಚಿಕ್ಕ ಎಂಜಿನ್ನಿಗೆ ಟರ್ಬೊ ಇತ್ತು, ಜೊತೆಗೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ವ್ಯವಸ್ಥೆ ಇತ್ತು. ಟರ್ಬೊ ಎಂಬ ಹೆಸರು ಕಾರಿನ ಬೆನ್ನ ಮೇಲೆ ಕಂಡರೆ ಸಾಕು, ಇದು ವೇಗದ ಹುಚ್ಚಿನವರ ಗಾಡಿ ಎಂದುಕೊಳ್ಳುವವರೇ ಹೆಚ್ಚು. ಜಾಹೀರಾತುಗಳೂ ಆ ಭಾವನೆಯನ್ನೇ ಬೆಳೆಸಿವೆ. ಆದರೆ ಈ ಎಂಜಿನ್‌ಗಳ ಒಳಗುಟ್ಟು ಬೇರೆ. ಟರ್ಬೊ ತಂದೊಡ್ಡುವ ತೊಂದರೆಗೆ ಡೈರೆಕ್ಟ್ ಇಂಜೆಕ್ಷನ್ನೇ ಮದ್ದು. ಎರಡೂ ಒಟ್ಟಿಗೆ ಸೇರಿ ಮಾಡಿದ ದೊಡ್ಡ ಕೆಲಸವೆಂದರೆ ಎಂಜಿನ್ನನ್ನು ಚಿಕ್ಕದಾಗಿಸಿದ್ದು. ವೇಗ ಅದರ ಜೊತೆಗೆ ಬಂದ ಕೊಸರು.

ಎಂಜಿನ್ನಿಗೆ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಪೆಟ್ರೋಲಿನಿಂದ ಎನ್ನುತ್ತೇವೆ. ತಪ್ಪೇನಲ್ಲ, ಆದರೆ ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಉರಿಸಲು ಬೇಕಾದಷ್ಟು ಗಾಳಿಯನ್ನು ಒಳಗೆ ತರುವುದೇ ಕಷ್ಟ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಗಾತ್ರ 333 ಸಿಸಿ. ಅದರ ತುಂಬ ಗಾಳಿ ಎಳೆದುಕೊಂಡರೂ ಆ ಗಾಳಿಯ ತೂಕ ಅರ್ಧ ಗ್ರಾಮೂ ಆಗುವುದಿಲ್ಲ, 0.4 ಗ್ರಾಂ ಆದೀತು. ಅಷ್ಟು ಗಾಳಿಯಲ್ಲಿ ಉರಿಯಬಲ್ಲ ಪೆಟ್ರೋಲ್ 27 ಮಿಲಿಗ್ರಾಂ ಮಾತ್ರ, ಒಂದು ಹನಿಗಿಂತಲೂ ಕಡಿಮೆ. ಆ ಮುಕ್ಕಾಲು ಹನಿಯ ಉರಿಯೇ ಪಿಸ್ಟನ್ನನ್ನು ಒಂದು ಸಲ ಕೆಳಕ್ಕೆ ತಳ್ಳುವುದು. ಹೆಚ್ಚು ಬಲ ಬೇಕೆಂದರೆ ಹಿಂದೆ ಇದ್ದದ್ದು ಎರಡೇ ದಾರಿ: ಸಿಲಿಂಡರನ್ನು ದೊಡ್ಡದು ಮಾಡಬೇಕು, ಇಲ್ಲವೇ ಎಂಜಿನ್ನನ್ನು ಇನ್ನಷ್ಟು ಜೋರಾಗಿ ತಿರುಗಿಸಿ ನಿಮಿಷಕ್ಕೆ ಹೆಚ್ಚು ಸಲ ಗಾಳಿ ಕುಡಿಸಬೇಕು. ಸಾಮಾನ್ಯ ಎಂಜಿನ್ ತಾನಾಗಿ ಗಾಳಿಯನ್ನು ಹಿಡಿದೆಳೆಯುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಪಿಸ್ಟನ್ ಕೆಳಗಿಳಿದಾಗ ಒಳಗೆ ತೆರವಾಗುವ ಜಾಗಕ್ಕೆ ಹೊರಗಿನ ವಾತಾವರಣದ ಒತ್ತಡವೇ ಗಾಳಿಯನ್ನು ನೂಕುತ್ತದೆ. ಹಾಗಾಗಿ ಹೊರಗೆ ಒತ್ತಡ ಕಡಿಮೆಯಿದ್ದರೆ ಒಳಗೆ ಬರುವ ಗಾಳಿಯೂ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ವಾತಾವರಣದ ಒತ್ತಡ ಮಂಗಳೂರಿನದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಒಂದೇ ಕಾರು ಬೆಂಗಳೂರಿನಲ್ಲಿ ಮಂಗಳೂರಿಗಿಂತ ಸರಿಸುಮಾರು ಅಷ್ಟೇ ಪಾಲು ದುರ್ಬಲ.

ಗಾಳಿಯನ್ನು ಕಾದು ಕೂರುವ ಬದಲು ಒತ್ತಿ ತುಂಬಿದರೆ ಹೇಗೆ ಎಂಬ ಯೋಚನೆ ಹೊಸದಲ್ಲ. ಆದರೆ ಒತ್ತಲು ಪಂಪು ಬೇಕು, ಪಂಪು ತಿರುಗಿಸಲು ಎಂಜಿನ್ನಿನದೇ ಬಲ ಖರ್ಚಾಗಬೇಕು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಗಂಟನ್ನು ಬಿಡಿಸಿದ್ದು 1905ರ ತನ್ನ ಪೇಟೆಂಟಿನಲ್ಲಿ. ಉರಿದ ಇಂಧನದ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿನಷ್ಟು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಹೇಗೂ ದಂಡವಾಗುವ ಆ ಹೊಗೆಯ ದಾರಿಯಲ್ಲಿ ಒಂದು ಚಕ್ರವಿಟ್ಟು ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಬಹುದು ಎಂಬುದು ಅವನ ಲೆಕ್ಕಾಚಾರ. ಕುಲುಮೆಯ ಬೆಂಕಿ ತನ್ನ ತಿದಿಯನ್ನು ತಾನೇ ಒತ್ತಿಕೊಂಡಂತೆ. ಇಂದಿನ ಕಾರಿನ ಟರ್ಬೊ ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಸಣ್ಣದು. ಅದರ ಒಂದು ಬದಿಯ ಚಕ್ರ 900 ಡಿಗ್ರಿ ದಾಟಿದ ಹೊಗೆಯಲ್ಲಿ ಕೆಂಪಗೆ ಕಾಯುತ್ತಿರುತ್ತದೆ, ಬೆರಳಷ್ಟು ದೂರದ ಇನ್ನೊಂದು ಬದಿಯಲ್ಲಿ ಹೊರಗಿನ ತಣ್ಣನೆಯ ಗಾಳಿ ಹಾಯುತ್ತಿರುತ್ತದೆ. ನಡುವಿನ ಶಾಫ್ಟು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಆ ವೇಗದಲ್ಲಿ ಲೋಹಕ್ಕೆ ಲೋಹ ತಾಗುವಂತಿಲ್ಲ. ಎಂಜಿನ್ ಆಯಿಲಿನ ತೆಳುಪೊರೆಯ ಮೇಲೆ ಅದು ತೇಲಿಕೊಂಡೇ ತಿರುಗಬೇಕು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ. ಟರ್ಬೊ ನಿಜಕ್ಕೂ ಏನು ಮಾಡುತ್ತದೆಂದು ಅಳೆದು ತೋರಿಸಿದ್ದು 1918ರ ಒಂದು ಪ್ರಯೋಗ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್, ವಿಮಾನದ ಲಿಬರ್ಟಿ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು ಕೊಲೊರಾಡೊದ ಪೈಕ್ಸ್ ಶಿಖರಕ್ಕೆ, ಸುಮಾರು 4300 ಮೀಟರ್ ಎತ್ತರಕ್ಕೆ, ಒಯ್ದ. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿಯ ತೆಳುಗಾಳಿಯಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು.

ಇಷ್ಟು ಒಳ್ಳೆಯ ಉಪಾಯ ವಿಮಾನಕ್ಕೂ ಹಡಗಿಗೂ ಬೇಗನೆ ಒಗ್ಗಿ, ಪೆಟ್ರೋಲ್ ಕಾರಿಗೆ ಮಾತ್ರ ಇಷ್ಟೊಂದು ತಡವಾಗಿ ಬಂದದ್ದೇಕೆ? ಉತ್ತರ ಬಿಸಿಯಲ್ಲಿದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು, ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು ಒತ್ತಡ ಇಮ್ಮಡಿಯಾಗುವಂತೆ ಟರ್ಬೊದಲ್ಲಿ ಒತ್ತಿದರೆ ಅದರ ಬಿಸಿ 100 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಎಂಬ ರೇಡಿಯೇಟರಿನಲ್ಲಿ ಹಾಯಿಸಿ ತಣ್ಣಗೆ ಮಾಡಿದರೂ ಅದು ಹೊರಗಿನ ಗಾಳಿಗಿಂತ ಬಿಸಿಯಾಗಿಯೇ ಇರುತ್ತದೆ. ಆ ಮೇಲೆ ಸಿಲಿಂಡರಿನೊಳಗೆ ಪಿಸ್ಟನ್ ಮತ್ತೊಮ್ಮೆ ಅದನ್ನು ಹತ್ತರಲ್ಲೊಂದು ಪಾಲಿಗೆ ಹಿಂಡುತ್ತದೆ. ಅಷ್ಟು ಹಿಂಡಿದ, ಅಷ್ಟು ಕಾದ ಪೆಟ್ರೋಲ್ ಗಾಳಿಯ ಮಿಶ್ರಣ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಬ್ಬುವ ತನಕ ಕಾಯದೆ ಮೂಲೆಮೂಲೆಗಳಲ್ಲಿ ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಸ್ವಲ್ಪವಿದ್ದರೆ ಟಿಣಿಟಿಣಿ ಸದ್ದು, ಹೆಚ್ಚಾದರೆ ಪಿಸ್ಟನ್ನೇ ತೂತು. ಜನರಲ್ ಮೋಟರ್ಸ್ 1962ರಲ್ಲಿ ತಂದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಟರ್ಬೊ ಹೊತ್ತ ಮೊದಲ ಕಾರುಗಳಲ್ಲೊಂದು. ನಾಕಿಂಗ್ ತಡೆಯಲು ಅದರ ಎಂಜಿನಿಯರುಗಳು ಹೂಡಿದ ಉಪಾಯ ಸ್ವಾರಸ್ಯಕರ. ಎಂಜಿನ್ ಮೇಲೆ ಭಾರ ಬಿದ್ದಾಗಲೆಲ್ಲ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಗಾಳಿಗೆ ಸಿಂಪಡಿಸುವ ವ್ಯವಸ್ಥೆ ಇಟ್ಟರು. ದ್ರವ ಆವಿಯಾಗುವಾಗ ಬಿಸಿ ಹೀರಿಕೊಂಡು ಗಾಳಿ ತಂಪಾಗುತ್ತಿತ್ತು. ಉಪಾಯ ಸರಿಯಾಗಿಯೇ ಇತ್ತು, ಜನ ಆ ದ್ರವದ ಟ್ಯಾಂಕು ತುಂಬಿಸುವುದನ್ನು ಮರೆಯುತ್ತಿದ್ದರು. ಎಷ್ಟೋ ಕಾರುಗಳ ಟರ್ಬೊ ಬಿಚ್ಚಿಹಾಕಿ ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟರು. 1963ಕ್ಕೇ ಆ ಕಾರಿನ ಕತೆ ಮುಗಿಯಿತು. ಉಳಿದವರು ಹಿಡಿದ ದಾರಿ ಪಿಸ್ಟನ್ ಹಿಂಡುವ ಪ್ರಮಾಣವನ್ನೇ ಇಳಿಸುವುದು. 1975ರ ಪೋರ್ಶೆ 911 ಟರ್ಬೊದಲ್ಲಿ ಕಂಪ್ರೆಷನ್ 6.5ಕ್ಕೆ ಇಳಿದಿತ್ತು. ನಾಕಿಂಗ್ ನಿಂತಿತು, ಆದರೆ ಕಡಿಮೆ ಹಿಂಡಿದ ಎಂಜಿನ್ ಟರ್ಬೊ ಕೆಲಸ ಮಾಡದಿರುವಾಗ ಸಪ್ಪೆ, ಎಲ್ಲ ಹೊತ್ತೂ ಪೆಟ್ರೋಲ್ ಕುಡುಕ. ಟರ್ಬೊ ಎಂದರೆ ದುಡ್ಡಿದ್ದವರ ಶೋಕಿ ಎಂಬ ಹೆಸರು ಬಂದದ್ದು ಆ ಕಾಲದಲ್ಲಿ.

ಜೆಟ್‌ಫೈರ್ ಪ್ರತ್ಯೇಕ ಟ್ಯಾಂಕಿನಿಂದ ಮಾಡಿಸುತ್ತಿದ್ದ ಕೆಲಸವನ್ನು ಪೆಟ್ರೋಲಿನಿಂದಲೇ ಮಾಡಿಸುವುದು ಡೈರೆಕ್ಟ್ ಇಂಜೆಕ್ಷನ್. ಸಾಮಾನ್ಯ ಎಂಪಿಎಫ್‌ಐ ಎಂಜಿನ್ನಿನಲ್ಲಿ ಇಂಜೆಕ್ಟರು ಇನ್ಟೇಕ್ ವಾಲ್ವಿನ ಹಿಂದೆ, ಸಿಲಿಂಡರಿನ ಹೊರಗೆ ಕೂತಿರುತ್ತದೆ. ಮೂರ್ನಾಲ್ಕು ಬಾರ್ ಒತ್ತಡದಲ್ಲಿ ಅದು ಸಿಂಪಡಿಸುವ ಪೆಟ್ರೋಲ್ ಬಹುಪಾಲು ಬಿಸಿಯಾದ ಪೈಪು ವಾಲ್ವುಗಳ ಮೇಲೆ ಬಿದ್ದು, ಅವುಗಳ ಬಿಸಿಯಿಂದ ಆವಿಯಾಗಿ ಒಳಗೆ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಇಂಜೆಕ್ಟರಿನ ಮೂತಿ ಸಿಲಿಂಡರಿನ ಒಳಗೇ ಇಣುಕುತ್ತದೆ. ಅಲ್ಲಿ ಒತ್ತಡ 200ರಿಂದ 350 ಬಾರ್. 3000 ಆರ್‌ಪಿಎಂನಲ್ಲಿ ಓಡುತ್ತಿರುವ ಎಂಜಿನ್ನಿನ ಒಂದು ಸಿಲಿಂಡರನ್ನು ಊಹಿಸಿಕೊಳ್ಳಿ. ಪಿಸ್ಟನ್ ಮೇಲಿನಿಂದ ಕೆಳಗಿಳಿಯಲು ಹಿಡಿಯುವ ಸಮಯ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. ಅಷ್ಟರೊಳಗೆ ವಾಲ್ವು ತೆರೆದು ಟರ್ಬೊದ ಒತ್ತಿದ ಗಾಳಿ ನುಗ್ಗಿಬರುತ್ತದೆ. ಸೂಜಿಮೊನೆಯ ತೂತುಗಳಿಂದ ಪೆಟ್ರೋಲ್ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರಾಗಿ, ಕೆಲವೊಮ್ಮೆ ಎರಡು ಮೂರು ಕಂತಿನಲ್ಲಿ, ಆ ಗಾಳಿಯ ನಡುವಿಗೇ ಚಿಮ್ಮುತ್ತದೆ. ತಾಗಲು ಬಿಸಿ ಪೈಪಿಲ್ಲದ ಕಾರಣ ತುಂತುರು ಆವಿಯಾಗಲು ಬೇಕಾದ ಬಿಸಿಯನ್ನು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳಬೇಕು. ಪೆಟ್ರೋಲಿನ ಹನಿಯೊಂದನ್ನು ಅಂಗೈ ಮೇಲೆ ಹಾಕಿಕೊಂಡರೆ ಚುರ್ರೆಂದು ತಣ್ಣಗಾಗುತ್ತದಲ್ಲ, ಅದೇ ಸಂಗತಿ. ಲೆಕ್ಕದ ಪ್ರಕಾರ ಹೀಗೆ ಗಾಳಿ ಇಪ್ಪತ್ತು ಡಿಗ್ರಿಯ ಆಸುಪಾಸು ತಂಪಾಗುತ್ತದೆ. ಇಪ್ಪತ್ತು ಡಿಗ್ರಿ ಕೇಳಲು ಸಣ್ಣದು, ನಾಕಿಂಗ್ ಆಗುವುದಕ್ಕೂ ಆಗದಿರುವುದಕ್ಕೂ ನಡುವಿನ ಗೆರೆಯಲ್ಲಿ ಅದು ದೊಡ್ಡದು. ಅದರ ಬಲದಿಂದಲೇ ಇಂದಿನ ಟರ್ಬೊ ಎಂಜಿನ್‌ಗಳು ಕಂಪ್ರೆಷನ್ನನ್ನು ಮತ್ತೆ ಹತ್ತರ ಆಸುಪಾಸಿಗೆ ಏರಿಸಿಕೊಂಡಿರುವುದು.

ನೇರ ಚಿಮ್ಮಿಸುವ ತಂತ್ರ ಟರ್ಬೊ ಇಲ್ಲದೆಯೂ ಬಾಳಿಬಂದಿದೆ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಬಾಷ್ ಕಂಪನಿಯ ಯಾಂತ್ರಿಕ ಪಂಪು ಪೆಟ್ರೋಲನ್ನು ನೇರ ಸಿಲಿಂಡರಿಗೇ ಕೊಡುತ್ತಿತ್ತು. ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಎಂಜಿನ್ ನಿಲ್ಲುವ ತನಕ ಪಂಪು ಪೆಟ್ರೋಲ್ ತಳ್ಳುತ್ತಿದ್ದುದರಿಂದ ಅದು ಇಳಿದು ಆಯಿಲಿಗೆ ಸೇರುತ್ತಿತ್ತು. ಮಿಟ್ಸುಬಿಷಿ 1996ರಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಜಿಡಿಐ ತಂದಾಗಲೂ ಅದು ಟರ್ಬೊ ಜೊತೆ ಇರಲಿಲ್ಲ. ಎರಡೂ ಕೈಜೋಡಿಸಿ ಜನಸಾಮಾನ್ಯರ ಕಾರಿಗೆ ಬಂದದ್ದು ಈ ಶತಮಾನದಲ್ಲಿ. ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಟಾಟಾ ನೆಕ್ಸಾನಿನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇದೆ, ಡೈರೆಕ್ಟ್ ಇಂಜೆಕ್ಷನ್ ಇಲ್ಲ. ಲಕ್ಷಗಟ್ಟಲೆ ಗಾಡಿಗಳು ಓಡುತ್ತಿವೆ. ಒಂದಕ್ಕೊಂದು ಬೇಕೇ ಬೇಕು ಎನ್ನುವುದು ಹೇಗೆ? ಬೇಕೇ ಬೇಕು ಎಂದಲ್ಲ. ಎರಡೂ ಸೇರಿದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ನೆಕ್ಸಾನಿನ ಆ ಎಂಜಿನ್ 120 ಅಶ್ವಶಕ್ತಿ, 170 ನ್ಯೂಟನ್ ಮೀಟರ್ ಕೊಡುತ್ತದೆ. ವೆನ್ಯೂವಿನ ಒಂದು ಲೀಟರ್ ಎಂಜಿನ್ ಕೊಡುವುದೂ ಹೆಚ್ಚುಕಡಿಮೆ ಅಷ್ಟನ್ನೇ, ಆರನೆಯ ಒಂದು ಪಾಲು ಕಡಿಮೆ ಗಾತ್ರದಿಂದ. ಅದೇ ಟಾಟಾ ಕಂಪನಿ 2024ರಲ್ಲಿ ಕರ್ವ್ ಕಾರಿಗೆ ಕೊಟ್ಟ 1.2 ಲೀಟರಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ 225 ನ್ಯೂಟನ್ ಮೀಟರ್ ಮುಟ್ಟಿತು. ಇನ್ನೂ ನೇರವಾದ ಹೋಲಿಕೆ ಬೇಕೆಂದರೆ ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ನೋಡಬಹುದು. ಅದರಲ್ಲಿ 1.2 ಲೀಟರಿನ ಎರಡು ಟರ್ಬೊ ಪೆಟ್ರೋಲ್ ಎಂಜಿನ್‌ಗಳಿವೆ. ಹೊರಗೆ ಚಿಮ್ಮಿಸುವುದು 110 ಅಶ್ವಶಕ್ತಿ, 200 ನ್ಯೂಟನ್ ಮೀಟರಿನದು. ಒಳಗೆ ಚಿಮ್ಮಿಸುವುದು 130 ಮತ್ತು 230ರದ್ದು. ಗಾತ್ರ ಒಂದೇ, ಎರಡಕ್ಕೂ ಟರ್ಬೊ ಇದೆ. ಉಳಿದದ್ದೆಲ್ಲ ಇಂಜೆಕ್ಷನ್ನಿನ ಪುಣ್ಯ ಎನ್ನಲಾಗದು, ಬಹುಪಾಲು ಅದರದ್ದೇ.

ಡೀಸೆಲ್ ಎಂಜಿನ್ನಿಗೆ ಈ ಮದುವೆ ಮೊದಲೇ ಆಗಿತ್ತು. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಹಿಂಡಿ ಕೊನೆಗಳಿಗೆಯಲ್ಲಿ ಇಂಧನ ಚಿಮ್ಮಿಸುವುದರಿಂದ ಅಲ್ಲಿ ಪೆಟ್ರೋಲ್ ಎಂಜಿನ್ನಿನ ನಾಕಿಂಗ್ ಭಯವಿಲ್ಲ. ಟರ್ಬೊ ಎಷ್ಟು ಗಾಳಿ ಕೊಟ್ಟರೂ ಅದು ಬೇಡ ಎನ್ನುವುದಿಲ್ಲ. ಆದರೂ ಹಳೆಯ ಡೀಸೆಲ್ ಕಾರುಗಳು ಸದ್ದು ತಗ್ಗಿಸಲು ಇಂಧನವನ್ನು ಮೊದಲು ಪಕ್ಕದ ಪುಟ್ಟ ಗೂಡಿಗೆ ಚಿಮ್ಮಿಸಿ, ಅಲ್ಲಿ ಹೊತ್ತಿಸಿ, ಆ ಮೇಲೆ ಸಿಲಿಂಡರಿಗೆ ಬಿಡುತ್ತಿದ್ದವು. ಗೂಡಿನ ಗೋಡೆಗಳಲ್ಲಿ ಬಿಸಿ ಸೋರಿಹೋಗುತ್ತಿತ್ತು. 1998ರ ಟಾಟಾ ಇಂಡಿಕಾದ 1.4 ಲೀಟರ್ ಡೀಸೆಲ್ ಅಂಥದ್ದು, ಟರ್ಬೊ ಕೂಡ ಇಲ್ಲ, 53 ಅಶ್ವಶಕ್ತಿಯಷ್ಟೇ. ಮಾರುತಿ 2007ರಲ್ಲಿ ಸ್ವಿಫ್ಟಿಗೆ ಹಾಕಿದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ಲಿಗೆ ಟರ್ಬೊವೂ ಇತ್ತು, ಕಾಮನ್ ರೈಲ್ ಡೈರೆಕ್ಟ್ ಇಂಜೆಕ್ಷನ್ನೂ ಇತ್ತು. ಗಾತ್ರ ಚಿಕ್ಕದಾದರೂ ಅದರ ಬಲ 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್. ಒಂದೇ ಸಲ ಸುರಿಯುವ ಬದಲು ಮೊದಲು ಚಿಟಿಕೆಯಷ್ಟು, ಆ ಮೇಲೆ ಮುಖ್ಯ ಕಂತು ಎಂದು ಹಂಚಿ ಚಿಮ್ಮಿಸುವುದರಿಂದ ಡೀಸೆಲ್ಲಿನ ಕಟಕಟ ಸದ್ದೂ ತಗ್ಗಿತು. ಮಾರುತಿ, ಟಾಟಾ, ಫಿಯಟ್ ಎಂದು ಹತ್ತಾರು ಕಾರುಗಳಲ್ಲಿ ಅದೇ ಎಂಜಿನ್ ಕೂತು, ದೇಶದ ಎಂಜಿನ್ ಎಂಬ ಅಡ್ಡಹೆಸರೇ ಬಂತು. ಇಂಥ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಒತ್ತಡ 1600 ಬಾರ್ ದಾಟುತ್ತದೆ, ನಾಜಲ್ಲಿನ ತೂತು ತಲೆಗೂದಲಿನಷ್ಟು ತೆಳು, ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಆ ನಯಗಾರಿಕೆ ಕನ್ನಡನಾಡಿಗೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಮೈಕೊ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸುತ್ತ ದೇಶದ ಲಾರಿ, ಟ್ರ್ಯಾಕ್ಟರುಗಳನ್ನು ಓಡಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಮೈಕೊ ಲೇಔಟಿನಲ್ಲಿ ಮನೆ ಮಾಡಿದವರಿಗೆಲ್ಲ ಆ ಹೆಸರಿನ ಹಿಂದೆ ಇಂಜೆಕ್ಷನ್ ಪಂಪು ಇದೆ ಎಂಬುದು ನೆನಪಿರಲಿಕ್ಕಿಲ್ಲ.

ಇನ್ನು ಎಂಜಿನ್ ಚಿಕ್ಕದಾದರೆ ಲಾಭವೇನು ಎಂಬ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿನ ಬಲವನ್ನು ಅಂಕೆಯಲ್ಲಿಡುವುದು ಥ್ರಾಟಲ್ ಎಂಬ ಮುಚ್ಚಳ. ನಗರದಲ್ಲಿ ನಿಧಾನ ಹೋಗುವಾಗ ಆ ಮುಚ್ಚಳ ಮುಕ್ಕಾಲು ಪಾಲು ಮುಚ್ಚಿಯೇ ಇರುತ್ತದೆ. ಪಿಸ್ಟನ್‌ಗಳು ಮುಚ್ಚಿದ ಬಾಯಿಯಿಂದ ಉಸಿರೆಳೆಯುವ ಹಾಗೆ ಹೆಣಗಬೇಕು, ಆ ಹೆಣಗಾಟಕ್ಕೇ ಪೆಟ್ರೋಲ್ ಪೋಲಾಗುತ್ತದೆ. ದೊಡ್ಡ ಎಂಜಿನ್ನಿನಲ್ಲಿ ಈ ಪೋಲು ಹೆಚ್ಚು, ಹೆಚ್ಚು ಸಿಲಿಂಡರುಗಳ ಉಜ್ಜಾಟವೂ ಹೆಚ್ಚು. ಚಿಕ್ಕ ಎಂಜಿನ್ ಅದೇ ಕೆಲಸವನ್ನು ಮುಚ್ಚಳ ಹೆಚ್ಚು ತೆರೆದುಕೊಂಡು ಮಾಡುತ್ತದೆ. ಘಾಟಿ ಬಂದಾಗ, ಓವರ್‌ಟೇಕ್ ಮಾಡುವಾಗ ಮಾತ್ರ ಟರ್ಬೊ ಅದನ್ನು ದೊಡ್ಡ ಎಂಜಿನ್ನಿನಂತೆ ಮಾಡುತ್ತದೆ. ಇದೇ ವಾದದ ತಿರುಳು. ಇದಕ್ಕೆ ಎದುರಾಗಿ ಕಾರು ಕೊಂಡವರು ಹೇಳುವ ಮಾತೂ ಸುಳ್ಳಲ್ಲ: ಟರ್ಬೊ ಕೊಂಡೆವು, ಕಂಪನಿ ಹೇಳಿದ ಮೈಲೇಜ್ ಬರಲೇ ಇಲ್ಲ. ಬಿಡುಗಡೆಯ ಹೊತ್ತಿಗೆ ವೆನ್ಯೂ ಬಗ್ಗೆ ಘೋಷಿಸಿದ್ದ ಮೈಲೇಜನ್ನೇ ನೋಡಿ. 1.2 ಲೀಟರಿನ ಎಂಜಿನ್ನಿಗೆ ಲೀಟರಿಗೆ 17.52 ಕಿಲೋಮೀಟರ್, ಮ್ಯಾನುಯಲ್ ಗೇರಿನ ಟರ್ಬೊಗೆ 18.27. ಪರೀಕ್ಷೆಯಲ್ಲೇ ಅಂತರ ಒಂದು ಕಿಲೋಮೀಟರೂ ಇಲ್ಲದಿದ್ದರೆ ರಸ್ತೆಯಲ್ಲಿ ಅದು ಕರಗಿಹೋಗುವುದರಲ್ಲಿ ಆಶ್ಚರ್ಯವೇನು? ಆದರೆ ಇಲ್ಲಿ 83 ಅಶ್ವಶಕ್ತಿಯನ್ನು 120ರ ಜೊತೆ ತೂಗುತ್ತಿದ್ದೇವೆ. ಸರಿಯಾದ ತಕ್ಕಡಿ ಬೇಕೆಂದರೆ ಅಷ್ಟೇ ಬಲದ ಟರ್ಬೊ ಇಲ್ಲದ ಎಂಜಿನ್ ಇಡಬೇಕು. 2020ರ ಹ್ಯುಂಡೈ ವೆರ್ನಾದಲ್ಲಿ ಇದೇ ಒಂದು ಲೀಟರ್ ಟರ್ಬೊದ ಪಕ್ಕದಲ್ಲಿದ್ದ 115 ಅಶ್ವಶಕ್ತಿಯ ಎಂಜಿನ್ನಿಗೆ ಒಂದೂವರೆ ಲೀಟರಿನ ಗಾತ್ರ ಬೇಕಾಗಿತ್ತು, ಅದರ ಟಾರ್ಕ್ 4500 ಆರ್‌ಪಿಎಂನಲ್ಲಿ 144. ಒಂದೂವರೆ ಲೀಟರಿನ ಬಲವನ್ನು ಒಂದು ಲೀಟರಿನ ಹಸಿವಿಗೆ ಕೊಡುವುದು ಟರ್ಬೊದ ಭರವಸೆ, ಅದನ್ನು ಅದು ಉಳಿಸಿಕೊಂಡಿದೆ. ಕಾಲು ಬಲವಾಗಿ ಒತ್ತಿದಾಗ ಮಾತ್ರ ಭರವಸೆ ಮುರಿಯುತ್ತದೆ. ಟರ್ಬೊ ಪೂರ್ತಿ ಗಾಳಿ ತುಂಬುವಾಗ ಹೊಗೆಯ ಬಿಸಿ ತಗ್ಗಿಸಲು ಕೆಲವು ಎಂಜಿನ್‌ಗಳು ಬೇಕಾದ್ದಕ್ಕಿಂತ ಹೆಚ್ಚೇ ಪೆಟ್ರೋಲ್ ಚಿಮ್ಮಿಸುತ್ತವೆ. ಆಗ ಮೈಲೇಜ್ ಕೇಳಬಾರದು. ಪಿಕಪ್ ಮತ್ತು ಮೈಲೇಜ್ ಎರಡೂ ಈ ಎಂಜಿನ್ನಿನಲ್ಲಿವೆ, ಒಂದೇ ಗಳಿಗೆಯಲ್ಲಿ ಸಿಗುವುದಿಲ್ಲ.

ಇಷ್ಟು ಚಿಕ್ಕ ಎಂಜಿನ್ನಿಂದ ಇಷ್ಟು ಕೆಲಸ ತೆಗೆದರೆ ಅದು ಬಾಳಿಕೆ ಬಂದೀತೇ ಎಂಬುದು ಇನ್ನೊಂದು ಅನುಮಾನ, ಹಳೆಯ ಕಾರು ಕೊಳ್ಳುವವರಲ್ಲಿ ಇದು ಹೆಚ್ಚು. ಒತ್ತಡ ಹೆಚ್ಚಾದದ್ದು ನಿಜ, ಅದಕ್ಕೆ ತಕ್ಕಂತೆ ಪಿಸ್ಟನ್, ಬೇರಿಂಗ್, ಕನೆಕ್ಟಿಂಗ್ ರಾಡ್‌ಗಳನ್ನು ಗಟ್ಟಿ ಮಾಡಿರುವುದೂ ನಿಜ. ಲಾರಿಗಳ ಟರ್ಬೊ ಡೀಸೆಲ್‌ಗಳು ಲಕ್ಷಾಂತರ ಕಿಲೋಮೀಟರ್ ಓಡುತ್ತಿರುವುದು ಎಲ್ಲರ ಕಣ್ಣೆದುರಿಗಿದೆ. ಟರ್ಬೊ ಎಂದ ಮಾತ್ರಕ್ಕೆ ಆಯುಷ್ಯ ಕಡಿಮೆ ಎನ್ನಲು ಬರುವುದಿಲ್ಲ. ಆದರೆ ಈ ಎಂಜಿನ್ ಅಲಕ್ಷ್ಯವನ್ನು ಹಳೆಯ ಎಂಜಿನ್ನಿನಷ್ಟು ಸಹಿಸುವುದಿಲ್ಲ. ಎರಡು ಲಕ್ಷ ಆರ್‌ಪಿಎಂನ ಶಾಫ್ಟು ಆಯಿಲಿನ ಪೊರೆಯ ಮೇಲೆ ತೇಲುತ್ತದೆ ಎಂದೆವಲ್ಲ. ಆಯಿಲ್ ಹಳತಾದರೆ, ಕಡಿಮೆಯಾದರೆ ಮೊದಲು ಸಾಯುವುದು ಟರ್ಬೊ. ಪೆಟ್ರೋಲ್ ಟರ್ಬೊಗಳಿಗೆ ಇನ್ನೊಂದು ವಿಚಿತ್ರ ಕಾಯಿಲೆಯಿದೆ. ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಸಿಲಿಂಡರಿಗೆ ನುಸುಳಿದ ಆಯಿಲಿನ ಹನಿಯಿಂದಲೋ ಕಾರ್ಬನ್ ಚೂರಿನಿಂದಲೋ ಮಿಶ್ರಣ ಕಿಡಿಗಿಂತ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲದು. ಇದಕ್ಕೆ ಆಯಿಲಿನಲ್ಲಿರುವ ಕ್ಯಾಲ್ಸಿಯಂ ರಾಸಾಯನಿಕಗಳೂ ಕಾರಣವೆಂದು ತಿಳಿದ ಮೇಲೆ ಆಯಿಲಿನ ಸೂತ್ರವನ್ನೇ ಬದಲಿಸಿದರು. ಎಪಿಐ ಎಸ್‌ಎನ್ ಪ್ಲಸ್, ಎಸ್‌ಪಿ ಎಂಬ ಗ್ರೇಡುಗಳು ಬಂದದ್ದಕ್ಕೆ ಇದೂ ಕಾರಣ. ಮೂಲೆಯಂಗಡಿಯಲ್ಲಿ ಸಿಕ್ಕ ಯಾವುದೋ ಡಬ್ಬಿ ಸುರಿಯುವ ಅಭ್ಯಾಸ ಈ ಎಂಜಿನ್‌ಗಳಿಗೆ ವಿಷ.

ಹೊಗೆಯ ವಿಚಾರದಲ್ಲಿ ಆಕ್ಷೇಪಗಳು ಇನ್ನೂ ಗಟ್ಟಿ, ಅವುಗಳಿಗೆ ಸಲೀಸಾದ ಉತ್ತರವಿಲ್ಲ. ಪೆಟ್ರೋಲನ್ನು ಒಳಗೇ ಚಿಮ್ಮಿಸಿದಾಗ ಬೆರೆಯಲು ಸಮಯ ಸಾಲದೆ ಕೆಲವು ಹನಿಗಳು ಪಿಸ್ಟನ್ ಮೇಲೆ, ಗೋಡೆಯ ಮೇಲೆ ಕೂತು ಮಸಿಯಾಗುತ್ತವೆ. ಎಂಪಿಎಫ್‌ಐ ಎಂಜಿನ್ ಉಗುಳದಷ್ಟು ಸೂಕ್ಷ್ಮ ಕಣಗಳನ್ನು ಇದು ಉಗುಳುತ್ತದೆ. ಹಾಗಾಗಿಯೇ ಯುರೋಪಿನ ಯುರೊ-6 ನಿಯಮದಲ್ಲೂ ನಮ್ಮ ಬಿಎಸ್-6ರಲ್ಲೂ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಿಗೆ ಕಣಗಳ ಎಣಿಕೆಯ ಮಿತಿ ಬಂತು, ಕಿಲೋಮೀಟರಿಗೆ 60 ಸಾವಿರ ಕೋಟಿ. ಸಂಖ್ಯೆ ಕೇಳಿ ಬೆಚ್ಚಬೇಡಿ, ಆ ಕಣಗಳು ಅಷ್ಟು ಸಣ್ಣವು. ಚಿಮ್ಮಿಸುವ ಒತ್ತಡ ಹೆಚ್ಚಿಸಿದ್ದು, ಸೈಲೆನ್ಸರಿನ ದಾರಿಯಲ್ಲಿ ಕಣ ಹಿಡಿಯುವ ಫಿಲ್ಟರ್ ಕೂರಿಸಿದ್ದು ಅದರ ಫಲ. ಹೊರಗಿನಿಂದ ಬೀಳುವ ಪೆಟ್ರೋಲ್ ಹಿಂದೆ ವಾಲ್ವುಗಳನ್ನು ತೊಳೆಯುತ್ತಿತ್ತು. ಈಗ ತೊಳೆಯುವವರಿಲ್ಲದೆ ಇನ್ಟೇಕ್ ವಾಲ್ವಿನ ಬೆನ್ನಿಗೆ ಕಾರ್ಬನ್ ಕಟ್ಟುತ್ತದೆ. ಟೊಯೊಟದಂಥ ಕಂಪನಿಗಳು ಒಳಗೊಂದು, ಹೊರಗೊಂದು ಎಂದು ಎರಡೆರಡು ಇಂಜೆಕ್ಟರು ಇಟ್ಟು ಇದನ್ನು ನೀಗಿಸಿಕೊಂಡಿವೆ, ಎಲ್ಲರೂ ಆ ಖರ್ಚಿಗೆ ಮುಂದಾಗಿಲ್ಲ. ಡೀಸೆಲ್ಲಿನ ಕತೆ ಇನ್ನೂ ಕಹಿ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಸುವುದರಿಂದ ಅದರ ಹೊಗೆಯಲ್ಲಿ ಆಮ್ಲಜನಕ ಉಳಿದಿರುತ್ತದೆ, ಪೆಟ್ರೋಲ್ ಕಾರಿನ ಮಾಮೂಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲಿಯ ನೈಟ್ರೋಜನ್ ಆಕ್ಸೈಡನ್ನು ಮುರಿಯಲಾರದು. ಅದಕ್ಕೆ ಬೇರೆಯೇ ದುಬಾರಿ ವ್ಯವಸ್ಥೆ ಬೇಕು. ಆ ಖರ್ಚು ತಪ್ಪಿಸಲು ಫೋಕ್ಸ್‌ವ್ಯಾಗನ್ ತನ್ನ ಟಿಡಿಐ ಕಾರುಗಳಿಗೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಸಾಧುವಾಗುವ ಸಾಫ್ಟ್‌ವೇರ್ ತುಂಬಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಅದನ್ನು ಬಯಲಿಗೆಳೆಯಿತು. ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಕಾರುಗಳು ಸಿಕ್ಕಿಬಿದ್ದವು, ನಮ್ಮಲ್ಲೂ ಮೂರು ಲಕ್ಷ ಚಿಲ್ಲರೆ ಕಾರುಗಳನ್ನು ವಾಪಸ್ ಕರೆದು ಸರಿಪಡಿಸಬೇಕಾಯಿತು. ಅದು ತಂತ್ರಜ್ಞಾನದ ಸೋಲಲ್ಲ, ಮೋಸ. ಆದರೂ ಸಣ್ಣ ಡೀಸೆಲ್ ಕಾರಿಗೆ ಶುದ್ಧ ಹೊಗೆ ಅಗ್ಗದಲ್ಲಿ ದಕ್ಕುವುದಿಲ್ಲ ಎಂಬ ಸತ್ಯವನ್ನು ಆ ಮೋಸವೇ ಒಪ್ಪಿಕೊಂಡಂತಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಎಂಜಿನ್‌ಗಳನ್ನೇ ಕೈಬಿಟ್ಟಿತು. ಟರ್ಬೊ ಪೆಟ್ರೋಲ್ ಮಾತ್ರ ಗಾಳಿ ಇಂಧನದ ಸರಿಯಾದ ಅನುಪಾತದಲ್ಲೇ ಹೆಚ್ಚಾಗಿ ಓಡುವುದರಿಂದ ಅದರ ನೈಟ್ರೋಜನ್ ಆಕ್ಸೈಡಿಗೆ ಮಾಮೂಲಿ ಕನ್ವರ್ಟರ್ ಸಾಕು. ಡೀಸೆಲ್ ಬಿಟ್ಟ ಜಾಗವನ್ನು ಅದು ತುಂಬಿದ್ದಕ್ಕೆ ಇದೇ ಮುಖ್ಯ ಕಾರಣ.

ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಈಗ ಎಲ್ಲೆಡೆ ಗೊಣಗಾಟವಿದೆ. ನೂರಕ್ಕೆ ಇಪ್ಪತ್ತು ಪಾಲು ಬೆರೆತರೆ ಲೀಟರಿನಲ್ಲಿರುವ ಶಕ್ತಿ ಆರೇಳು ಪಾಲು ತಗ್ಗುತ್ತದೆ, ಮೈಲೇಜ್ ಇಳಿಯುತ್ತದೆ ಎಂಬುದು ಲೆಕ್ಕಕ್ಕೆ ಸರಿಯೇ. ಆದರೆ ಎಥನಾಲಿಗೆ ಎರಡು ಗುಣಗಳಿವೆ: ನಾಕಿಂಗನ್ನು ತಡೆಯುವ ಆಕ್ಟೇನ್ ಅಂಶ ಅದರಲ್ಲಿ ಹೆಚ್ಚು, ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರುತ್ತದೆ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಬೇಕಾಗಿರುವುದು ಸರಿಯಾಗಿ ಇವೇ ಎರಡು. ಇಂಥ ಇಂಧನಕ್ಕೆಂದೇ ಹೊಂದಿಸಿದ ಎಂಜಿನ್ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಹೀಗೆ ವಾಪಸ್ ಗಳಿಸಬಲ್ಲದು. ಹಳೆಯ ಎಂಪಿಎಫ್‌ಐ ಎಂಜಿನ್ನಿಗೆ ಆ ಅವಕಾಶ ಕಡಿಮೆ. ಬೆಳಗಾವಿ ಬಾಗಲಕೋಟೆಯ ಕಬ್ಬಿನಿಂದ ಬಂದ ಎಥನಾಲ್ ದಂಡವಾಗಬಾರದು ಎನ್ನುವವರು ಇಂಥ ಎಂಜಿನ್‌ಗಳ ಕಡೆ ನೋಡಬೇಕು.

ವಿದ್ಯುತ್ ಕಾರುಗಳ ಕಾಲದಲ್ಲಿ ಇದೆಲ್ಲ ಯಾಕೆ ಎನ್ನುವವರಿಗೆ ಬಿಡದಿಯ ಕಡೆ ಕೈ ತೋರಿಸಬಹುದು. ಅಲ್ಲಿಯ ಟೊಯೊಟ ಕಾರ್ಖಾನೆಯಿಂದ 2.4 ಲೀಟರ್ ಟರ್ಬೊ ಡೀಸೆಲ್ಲಿನ ಇನ್ನೋವಾ ಕ್ರಿಸ್ಟಾವೂ ಹೊರಬಂದಿದೆ, ಟರ್ಬೊವೇ ಇಲ್ಲದ ಎರಡು ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಮೋಟರು ಬ್ಯಾಟರಿ ಜೋಡಿಸಿದ ಇನ್ನೋವಾ ಹೈಕ್ರಾಸೂ ಹೊರಬಂದಿದೆ. ಹೈಬ್ರಿಡ್ ಹೈಕ್ರಾಸಿನ ಘೋಷಿತ ಮೈಲೇಜ್ 23.24 ಕಿಲೋಮೀಟರ್. ನಿಂತು ಹೊರಡುವ ನಗರದ ಓಡಾಟದಲ್ಲಿ ಕಡಿಮೆ ಆರ್‌ಪಿಎಂನ ಬಲವನ್ನು ಮೋಟರೇ ಕೊಡುವುದರಿಂದ ಅಲ್ಲಿ ಟರ್ಬೊಗೆ ಕೆಲಸವಿಲ್ಲ. ಟರ್ಬೊಗೆ ನಿಜವಾದ ಎದುರಾಳಿ ಇದ್ದರೆ ಇದೇ, ನಗರದಲ್ಲಿ ಗೆಲ್ಲುವುದೂ ಇದೇ. ಬೆಲೆಯಲ್ಲಿ ಮಾತ್ರ ಹೈಬ್ರಿಡ್ ಇನ್ನೂ ಎಲ್ಲರ ಕೈಗೆಟುಕುವುದಿಲ್ಲ. ಹಾಗಾಗಿ ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು. ಊರೊಳಗೆ ದಿನಕ್ಕೆ ಐದಾರು ಕಿಲೋಮೀಟರ್ ಓಡಿಸುವವರು ಹೆಚ್ಚಿನ ದುಡ್ಡು ಕೊಟ್ಟು ಟರ್ಬೊ ಕೊಳ್ಳುವುದು ಬೇಡ. ಎಂಜಿನ್ ಪೂರ್ತಿ ಕಾಯದ ಅಂಥ ಓಡಾಟದಲ್ಲಿ ಕಾರ್ಬನ್ ಕಟ್ಟುವುದೂ ಹೆಚ್ಚು, ಮಾಮೂಲಿ ಎಂಜಿನ್ ಸಾಕು. ನಾಲ್ಕೈದು ಜನ, ಸಾಮಾನು ಹೇರಿಕೊಂಡು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಆಗಾಗ ಹತ್ತುವವರು, ಹೈವೇಯಲ್ಲಿ ಹೆಚ್ಚು ಓಡಾಡುವವರು ಧೈರ್ಯವಾಗಿ ಕೊಳ್ಳಲಿ. ಕೊಂಡ ಮೇಲೆ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಯಾವ ಆಯಿಲ್ ಗ್ರೇಡು ಬರೆದಿದೆಯೋ ಅದನ್ನೇ ಹಾಕಿಸಿ, ಹೇಳಿದ ಹೊತ್ತಿಗಿಂತ ತಡಮಾಡದೆ ಬದಲಾಯಿಸಿ. ಘಾಟಿ ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಆರಿಸದೆ ಅರ್ಧ ನಿಮಿಷ ಹಾಗೇ ಓಡಲು ಬಿಡಿ.